ಕುಕ್ಕೆಯಲ್ಲಿದ್ದ ಬೆಂದ ಮೊಟ್ಟೆ

ಬೆಂದ ಮೊಟ್ಟೆ ಸುಲಿಯುವಾಗ ಇಂದಿಗೂ ಆ ವಾಸನೆಗೆ ನಮ್ಮೂರು ಕೊತ್ತತ್ತಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಊರಿಗೆ ನಾಲೆ ನೀರು ಬಂದ ವರ್ಷ ಅದು; ನಾನಿನ್ನೂ ಚಿಕ್ಕವಳು. ಗದ್ದೆಯಲ್ಲಿ ಹಾವು ಕಚ್ಚಿ ಸತ್ತ ಅವ್ವನನ್ನು ಮಣ್ಣು ಮಾಡಿ ಬಂದಿದ್ದರು. ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಹಸಿವು ಎಂದೆ.

ಅಜ್ಜಿ ಮೊಟ್ಟೆಯ ಕುಕ್ಕೆ ತಂದಳು. "ನಿಮ್ಮವ್ವ ನೆನ್ನೆ ನಿಂಗೇಂತ ಒಂದ ಬೇಯ್ಸಿ ಇದ್ರಲ್ಲೇ ಮಡಗವ್ಳೆ."

ಬೆಂದದ್ದು ಯಾವುದೆಂದು ತಿಳಿಯಲು ಜಗಲಿಯ ಕಲ್ಲಿನ ಮೇಲೆ ಒಂದೊಂದನ್ನೇ ತಿರುಗಿಸಿದಳು. ಹಸಿಯವು ತೂರಾಡಿದವು. ಬೆರಳಿಟ್ಟು ನಿಲ್ಲಿಸಿ ಬಿಟ್ಟರೆ, ತಾವಾಗಿಯೇ ಮತ್ತೆ ಮೆಲ್ಲಗೆ ತಿರುಗಿದವು.

"ಒಳ್ಗಿರೋದು ಇನ್ನೂ ನಿಂತಿಲ್ಲ ಕಣಮ್ಮಿ" ಎಂದಳು.

ಕೊನೆಯದು ಬುಗುರಿಯಂತೆ ನೆಟ್ಟಗೆ ಎದ್ದು ಗಿರಗಿರನೆ ತಿರುಗಿತು. ಅಜ್ಜಿ ಬೆರಳಿಟ್ಟಳು. ನಿಂತದ್ದು ಮತ್ತೆ ಅಲುಗಲಿಲ್ಲ.

"ಇದೇಯ. ತಿನ್ನು."

ಸುಲಿದು ಒಂದು ತುತ್ತು ತಿಂದೆ. ಉಪ್ಪು ಕೇಳಿದೆ.