ಸೊನ್ನೆಸೊನ್ನೆ ಕಸಿದ ಪಾಳಿ

"ನಿನ್ನೆ ಮತ್ತೆ ಬಂದು ಹೋಗಿದಾನೆ ಕಳ್ಳ!"

ತಗ್ಗಿಸಿಟ್ಟಿದ್ದ ಸ್ಟೂಲನ್ನು ತನ್ನ ಎತ್ತರಕ್ಕೆ ಏರಿಸುತ್ತ ಕ್ಲಿಯೋಫಸ್ ಗುಡುಗಿದ. ಆ ಗುಡುಗಿಗೆ ಮಿಸಿಸಿಪ್ಪಿ ನದಿ ಒಂದು ಗಳಿಗೆ ಹಿಂದಕ್ಕೆ ಹರಿದಿರಬೇಕು.

"ಕಳ್ಳತನ ಏನ್ ಬಂತು? ನಿನ್ ಹಾಗೇ ದುಡಿಯೋಕೆ ಬಂದೋರು," ಎಂದಳು ಮೇಲ್ವಿಚಾರಕಿ ಒಲೀಟಾ.

"ಯಾರು ಅಂತ ಹೇಳಿ ನೋಡೋಣ."

"ಹೇಳೋ ಹಾಗಿಲ್ಲ ಅಂತ ಗೊತ್ತಲ್ಲ. ಡಬ್ಬ ಬಿಚ್ಚು, ಬಾಯಿ ಮುಚ್ಚು."

ಮೆಂಫಿಸ್ಸಿನ ಆ ಗೋದಾಮು ಎಷ್ಟು ದೊಡ್ಡದೆಂದರೆ, ಗೇಟಿನಿಂದ ಒಲೀಟಾಳ ಮೂಲೆಗೆ ನಡೆಯುವಷ್ಟರಲ್ಲಿ ಹೊಸ ಬೂಟು ಹಳೆಯದಾಗುತ್ತಿತ್ತು. ಗಿರಾಕಿಗಳು ಹಿಂದಿರುಗಿಸಿದ ಮಾಲನ್ನು ಬಿಚ್ಚಿ ನೋಡುವ ಮೂಲೆ ಅದು. ಸಂಜೆಗೆ ಅಲ್ಲಿ ಪಾರ್ಟ್‌ಟೈಮ್ ಆಳು ಒಬ್ಬರೇ ಸಾಕು. ಆ ಒಂದು ಪಾಳಿ ದಿನಾ ಮಧ್ಯಾಹ್ನ ಆಳುಗಳೆಲ್ಲರ ಫೋನಿನಲ್ಲಿ ಮೂಡುತ್ತಿತ್ತು. ಮೊದಲು ಬೆರಳಿಟ್ಟವರಿಗೆ ಕೆಲಸ. ಯಾರಿಗೆ ಸಿಕ್ಕಿತೆಂದು ಹೆಸರು ಕಾಣಿಸುತ್ತಿರಲಿಲ್ಲ, ಬ್ಯಾಡ್ಜಿನ ಕೊನೆಯ ಅಂಕಿಗಳಷ್ಟೇ. ಕ್ಲಿಯೋಫಸ್‌ನ ಶತ್ರುವಿನದು ಸೊನ್ನೆಸೊನ್ನೆ. ವಾರದ ಹೆಚ್ಚಿನ ಸಂಜೆಗಳನ್ನು ನುಂಗಿ, ಒಂದೋ ಎರಡೋ ಎಂಜಲಿನಂತೆ ಇವನಿಗೆ ಬಿಡುತ್ತಿದ್ದ.

ಕ್ಲಿಯೋಫಸ್ ಸಾಮಾನ್ಯನೇನಲ್ಲ. ಹಗಲಿಡೀ ಟೈರ್ ಅಂಗಡಿಯಲ್ಲಿ ಪೂರ್ತಿ ಕೆಲಸ. ಗಾಡಿಯ ಒಡೆಯ ಸೀನಲು ಮೂಗು ಹಿಡಿದರೆ, ಕೈ ಬಿಡುವಷ್ಟರಲ್ಲಿ ನಾಲ್ಕೂ ಟೈರು ಹೊಸದಾಗಿರುತ್ತಿದ್ದವು. ಆದರೆ ಮಧ್ಯಾಹ್ನ ಗಾಡಿಯಡಿ ಮಲಗಿದವನು ಪಾಳಿ ಹಿಡಿಯುವುದು ಹೇಗೆ? ಅವನ ಫೋನು ಎಂದೋ ಎಂಜಿನ್ ಆಯಿಲ್ ಕುಡಿದು ಸತ್ತಿತ್ತು. ಆದ್ದರಿಂದ ಹೆಂಡತಿ ವರ್ನೀಸಳ ಫೋನಿನಲ್ಲೇ ತನ್ನ ಬ್ಯಾಡ್ಜಿನ ನಂಬರು ಹಾಕಿಕೊಟ್ಟಿದ್ದ. ಅವಳು ವೃದ್ಧಾಶ್ರಮದ ಲಾಂಡ್ರಿಯಲ್ಲಿ ಬೆಳಗಿನಿಂದ ದುಡಿಯುವವಳು. ಊಟದ ಬಿಡುವಿನಲ್ಲಿ ಇವನ ಪರವಾಗಿ ಒತ್ತಬೇಕು. ಬೇರೆಯವರಿಂದ ಒತ್ತಿಸಿದರೆ ಕೆಲಸ ಹೋಗುತ್ತದೆಂಬ ನಿಯಮ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಹೆಂಡತಿಯ ಬೆರಳು ಬೇರೆಯವರ ಬೆರಳಾಗುವುದುಂಟೇ?

ಕ್ರಿಸ್‌ಮಸ್ಸಿನೊಳಗೆ ಹೆಚ್ಚು ಪಾಳಿ ಮಾಡಿದವರಿಗೆ ಆ ಸ್ಟೂಲು ಖಾಯಂ, ಅದರ ಜೊತೆಗೆ ಆರೋಗ್ಯ ವಿಮೆ. ಟೈರ್ ಅಂಗಡಿಯಲ್ಲೂ ಅದಿಲ್ಲ, ಲಾಂಡ್ರಿಯಲ್ಲೂ ಇಲ್ಲ. ವರ್ನೀಸಳಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಎಂದರೆ ಕರಗಿಸಿದ ಚಿನ್ನ. ಅರ್ಧರ್ಧ ಚುಚ್ಚಿಕೊಂಡು ದಿನ ತಳ್ಳುತ್ತಿದ್ದವಳು ಈ ವರ್ಷ ಅಡುಗೆಮನೆಯಲ್ಲಿ ಒಮ್ಮೆ ಕುಸಿದೂ ಬಿದ್ದಿದ್ದಳು.

"ಇವತ್ತೂ ಕೂದಲೆಳೇಲಿ ತಪ್ಪಿಹೋಯ್ತು, ಕ್ಲಿಯೋ," ಎಂದಳು ವರ್ನೀಸ್ ಮುಂದೊಂದು ಸಂಜೆ, ಅವನು ಮನೆಯ ಬಾಗಿಲು ದಾಟುತ್ತಿದ್ದಂತೆ. ಅವಳಾಗಲೇ ಕೋಟು ಹಾಕಿಕೊಂಡಾಗಿತ್ತು. ಚರ್ಚಿನಲ್ಲಿ ಕ್ರಿಸ್‌ಮಸ್ ಹಾಡುಗಳ ಅಭ್ಯಾಸ ಆ ವರ್ಷ ಬಲು ಜೋರು. ಮರಳಿ ಬಂದವಳು ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಳಿಬಿಟ್ಟು ಕೂರುತ್ತಿದ್ದಳು. ಬಾಯಿಂದ ಒಂದು ರಾಗವೂ ಹೊರಡುತ್ತಿರಲಿಲ್ಲ.

"ನಿನ್ ಬೆರಳಿಗೆ ತುಕ್ಕು ಹಿಡಿದಿದೆಯಾ? ಒಂದು ಗುಂಡಿ ಒತ್ತೋಕೆ ಬರಲ್ಲ!" ಅವನು ಜೋಳದ ರೊಟ್ಟಿ ಮುರಿದ. "ನನ್ ಹೆಸರಲ್ಲಿ ಇನ್ಶೂರೆನ್ಸ್ ಬರ್ಲಿ, ಆಮೇಲೆ ನೋಡು. ನೀನು ಉಸಿರಾಡೋದೂ ನನ್ ದಯೆಯಿಂದ."

"ಗೊತ್ತು. ದಿನಾ ಹೇಳ್ತೀಯಲ್ಲ." ಅವಳು ಕೋಟಿನ ಗುಂಡಿ ಹಾಕಿಕೊಂಡಳು. "ಆ ಸೊನ್ನೆಸೊನ್ನೆಗೂ ಇನ್ಶೂರೆನ್ಸ್ ಬೇಕಾಗಿರಬಹುದು."

"ಅವನಿಗ್ಯಾಕೆ? ನನ್ ಹಾಗೆ ಸಾಕೋಕೆ ಹೆಂಡ್ತಿ ಇದಾಳಾ?"

"ಇಲ್ಲ. ಅದಂತೂ ಇಲ್ಲ."

"ನಿಂಗೆ ಹೇಗೆ ಗೊತ್ತು?"

"ಇದ್ದಿದ್ರೆ ಒತ್ತೋಕೂ ಅವಳನ್ನೇ ಕೂರಿಸ್ತಿದ್ದ," ಎಂದು ವರ್ನೀಸ್ ಬಾಗಿಲೆಳೆದುಕೊಂಡು ಹೋದಳು.

ಕ್ಲಿಯೋಫಸ್‌ನ ತುತ್ತು ಬಾಯಲ್ಲೇ ನಿಂತಿತು. ಮೆಂಫಿಸ್ಸಿನ ಬೀದಿದೀಪಗಳೆಲ್ಲ ಒಟ್ಟಿಗೆ ಅವನ ತಲೆಯೊಳಗೆ ಹೊತ್ತಿಕೊಂಡವು. ಯಾರನ್ನೋ ಕೂರಿಸಿದ್ದಾನೆ! ಇಲ್ಲದಿದ್ದರೆ ದಿನವೂ ಅಷ್ಟು ಚುರುಕಾಗಿ ಒತ್ತಲು ಸಾಧ್ಯವೇ? ಹೆಂಡತಿಗೆ ಈಗಲೇ ಹೇಳಬಾರದು. ಗೆದ್ದು ಬಂದು ಮುಖ ನೋಡಬೇಕು.

ಮುಂದಿನ ಸಲ ಪಾಳಿ ಸಿಕ್ಕಾಗ ಅವನು ಡಬ್ಬವನ್ನು ಮುಟ್ಟಲೇ ಇಲ್ಲ.

"ಸೊನ್ನೆಸೊನ್ನೆ ಬೇರೆಯವರ ಕೈಲಿ ಒತ್ತಿಸ್ತಿದಾನೆ. ಯಾವ ನಂಬರು ಯಾವ ಫೋನಿಂದ ಬಂದಿದೆ ಅಂತ ತೆಗೆಸಿ ನೋಡಿ."

ಒಲೀಟಾ ಕನ್ನಡಕ ತೆಗೆದು ಅವನನ್ನೇ ನೋಡಿದಳು. "ಬೇಡ ಕ್ಲಿಯೋಫಸ್. ಕ್ರಿಸ್‌ಮಸ್ ಹತ್ರ ಬಂತು. ಒಂದ್ಸಲ ಆಫೀಸಿನೋರ ಕೈಗೆ ಹೋದ್ರೆ ನಾನು ತಡೆಯೋಕಾಗಲ್ಲ."

"ತಡೀಬೇಡಿ! ನನ್ ಹೆಂಡ್ತಿ ಜೀವ ಇದು."

ಟೈರ್ ಅಂಗಡಿಗೆ ಗೋದಾಮಿನಿಂದ ಕರೆ ಬಂದ ದಿನ ಅವನು ಅಲ್ಲಿಂದಲೇ ನೇರವಾಗಿ ಹೊರಟ. ಎದೆ ಎಷ್ಟು ಉಬ್ಬಿತ್ತೆಂದರೆ ಗೋದಾಮಿನ ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಒಳಗೆ ಹೋಗಬೇಕಾಯಿತು.

"ನೀನು ಹೇಳಿದ್ದು ಸರಿ," ಎಂದಳು ಒಲೀಟಾ. "ಮೋಸ ನಡೆದಿದೆ. ಸೊನ್ನೆಸೊನ್ನೆನ ಇವತ್ತು ಮಧ್ಯಾಹ್ನ ಕರೆಸಿ ಕೆಲಸದಿಂದ ತೆಗೆದ್ರು."

"ಹೇಳಿರ್ಲಿಲ್ವಾ! ಹಾಗಾದ್ರೆ ಸ್ಟೂಲು ನಂದು."

"ನಿನ್ ಬ್ಯಾಡ್ಜೂ ಕೊಡು."

"ನಂದ್ಯಾಕೆ?"

"ನಿನ್ ನಂಬರು, ಆ ನಂಬರು, ಎರಡೂ ಒತ್ತಿರೋದು ಒಂದೇ ಫೋನಿಂದ."

ಕ್ಲಿಯೋಫಸ್ ತಗ್ಗಿಸಿಟ್ಟಿದ್ದ ಆ ಸ್ಟೂಲನ್ನೇ ನೋಡಿದ. ಒಲೀಟಾಳೇ ಅವನ ಕೊರಳಿನಿಂದ ಬ್ಯಾಡ್ಜು ತೆಗೆದುಕೊಂಡಳು.

"ಪಾಪ, ಆ ಹೆಂಗಸು," ಎಂದಳು. "ಬಂದಾಗೆಲ್ಲ ಒಂದೇ ಪ್ರಶ್ನೆ ಕೇಳೋಳು: ಗಂಡನ್ನ ಬಿಟ್ಮೇಲೂ ಈ ಇನ್ಶೂರೆನ್ಸ್ ನಡೆಯುತ್ತಾ ಅಂತ."