ನೆಲದ ಲೆಕ್ಕ

"ಇವತ್ತ ಎಷ್ಟ ಹಿಗ್ಗೀದಿ, ತಾಯಿ?"

ಸರ್ವೆಯ ನೀಲವ್ವ ಬರಿಯ ಬಯಲನ್ನು ಕೇಳುತ್ತ ಅಳತೆಗೋಲು ನೆಟ್ಟಳು. ನೆಲ ಹಿಗ್ಗತೊಡಗಿದ ಮೇಲೆ ದಾರಿಗಳಿಗೆ ಡಾಂಬರು ನಿಲ್ಲುತ್ತಿರಲಿಲ್ಲ, ಎಲ್ಲರೂ ನಡೆಯುವವರೇ. ಹೊರಡುವ ಮೊದಲು ಅವಳಲ್ಲಿ ದೂರ ಕೇಳಿಕೊಳ್ಳುವುದು ರೂಢಿ. ಉಪಗ್ರಹ ಹೇಳುವ ದೂರ ಎಂದೂ ಬದಲಾಗದು. ಅದನ್ನು ಆ ದಿನದ ಹಿಗ್ಗಿನಿಂದ ಗುಣಿಸಿದರೆ ನೆಲದ ದೂರ.

ಸೂಲಗಿತ್ತಿ ಹಸನಬಿ ಚೀಲ ಹಿಡಿದು ಬಂದಳು. "ಕಾಶವ್ವಗ ಬ್ಯಾನಿ ಸುರು ಆಗ್ಯಾವಂತ, ಸಂಜಿಗೆ ಹಡೀತಾಳ. ಅವರ ತ್ವಾಟ ಎಷ್ಟ ದೂರೈತಿ?"

ಮುದುಕಿಯ ಬಾತ ಮೊಣಕಾಲು ನೋಡಿ ನೀಲವ್ವ, "ಎರಡ ಮೈಲಿ, ಚಾಚಿ," ಎಂದಳು.

"ಅದು ಮುಗಲಿನ ಲೆಕ್ಕ. ನೆಲದ್ದು ಹೇಳವ್ವಾ, ಅಷ್ಟ ನೀರು ಹಿಡೀಬೇಕು."

"ಏಳು."

ಹಸನಬಿ ಇನ್ನೊಂದು ಬಾಟಲಿ ತುಂಬಿಕೊಂಡಳು. "ಮೊಹರಮ್ ಪದಾ ಹಾಡಕೋಂತ ಹೊಂಟ್ರ ಕಾಲು ತಾವ ನಡೀತಾವ ಬಿಡು."

"ಬ್ಯಾಡ, ಕುಂದರ್ರಿ. ತ್ವಾಟದ ಮಗ್ಗಲ ಊರಾಗ ಇನ್ನೊಬ್ಬಾಕಿ ಸೂಲಗಿತ್ತಿ ಅದಾಳ, ಆಕಿಗೆ ಫೋನ್ ಮಾಡ್ತೀನಿ."

"ಏನೂ ಮಾಡಬ್ಯಾಡ," ಎಂದಳು ಹಸನಬಿ. "ಕಾಶವ್ವ ಹುಟ್ಟಿದಾಗ ಹಿಡದಾಕಿ ನಾನು. ಆಕಿ ಕೂಸನ್ನ ಬ್ಯಾರೇರ ಕೈಯಾಗ ಬಿಡಂಗಿಲ್ಲ."