ಅವಸರದ ಗಂಟೆ

ಮೊದಲ ಪ್ಲೇಟು ಕಲ್ಲಿಗೆ ಬಡಿದು ಹಪ್ಪಳದಂತೆ ಮುರಿಯಿತು.

‘ನನ್ನ ಹೆಸರು ಗುಲ್ಜಾರ್ ಬೀ, ಮೈಸೂರು,’ ಎಂದು ಮುದ್ದಯ್ಯ ಮೂಗಿನಲ್ಲಿ ರಾಗ ಎಳೆದ. ಹುಣಸೂರಿನ ಸಂತೆಮಾಳ ಗೊಳ್ಳೆಂದಿತು.

ಆ ಕಾಲದ ಗ್ರಾಮಫೋನ್ ಪ್ಲೇಟುಗಳ ಪದ್ಧತಿಯೇ ಹಾಗೆ. ಹಾಡು ಮುಗಿದ ಕೂಡಲೇ ಹಾಡಿದವರು ತಮ್ಮ ಹೆಸರನ್ನೂ ಒಂದು ಸಲ ಕೂಗಿಬಿಡುತ್ತಿದ್ದರು. ಮುದ್ದಯ್ಯ ಊರಿನ ಅಣಕಿಗ. ಅಮಲ್ದಾರರ ಕೆಮ್ಮಿನಿಂದ ಹಿಡಿದು ಅವರ ಕುದುರೆಯ ಕೆಮ್ಮಿನವರೆಗೆ ಎಲ್ಲವೂ ಅವನ ಗಂಟಲಲ್ಲಿ ವಾಸವಾಗಿದ್ದವು. ಇವತ್ತು ಒಡೆಯುವ ಪ್ರತಿ ಪ್ಲೇಟಿಗೂ ಅವನದೇ ಕೊನೆಯುಸಿರು.

ಒಡೆಸುತ್ತಿದ್ದವರು ಮರದ ವ್ಯಾಪಾರಿ ಶಿವನಂಜಪ್ಪ, ಭಜನಾ ಸಂಘದ ಯಜಮಾನರು. ಹಾರನಹಳ್ಳಿಯ ಪಟೇಲರ ಮನೆ ಮದುವೆಯಲ್ಲಿ ಗುಲ್ಜಾರ್ ಬೀ ಹಾಡಿದ ದಿನವೇ ಮದುಮಗಳ ಕಾಸಿನ ಸರ ಕಾಣೆಯಾಗಿತ್ತು. ಕಳವಿನ ಕೇಸು ಅವಳ ಮೇಲೆ ಬಿದ್ದಿತ್ತು, ಸರ ಸಿಕ್ಕಿರಲಿಲ್ಲ. ಮೈಸೂರಿನ ಕೋರ್ಟು ಇನ್ನೂ ತೀರ್ಪು ಕೊಟ್ಟಿರಲಿಲ್ಲ. ಶಿವನಂಜಪ್ಪನವರಿಗೆ ಅಷ್ಟು ಪುರುಸೊತ್ತಿರಲಿಲ್ಲ.

‘ಹುಣಸೂರು, ಪಿರಿಯಾಪಟ್ಟಣ, ಎಡತೊರೆ, ಕೋಟೆ, ಎಲ್ಲೂ ಇವಳನ್ನ ಹಾಡಕ್ಕೆ ಕರೀಬಾರ್ದು,’ ಎಂದು ಕಲ್ಲಿನ ಮೇಲೆ ನಿಂತು ಸಾರಿದರು. ‘ಯಾರ ಮನೇಲಿ ಇವಳ ದನಿ ಕೇಳ್ಸುತ್ತೋ ಆ ಮನೆಯೋರಿಗೆ ಬೆಂಕಿ ಕೊಡಂಗಿಲ್ಲ, ಆ ಮನೆ ನೀರು ಮುಟ್ಟಂಗಿಲ್ಲ. ಎಷ್ಟೇ ದೊಡ್ಡ ಮನುಷ್ಯ ಆಗಿರ್ಲಿ.’

ಪ್ಲೇಟು ಮಾರುವ ಜಬ್ಬಾರ್ ತನ್ನ ಗೋಣಿಚೀಲವನ್ನು ತಲೆಕೆಳಗು ಮಾಡಿ ಕೊಡವಿದ.

‘ಎಲ್ಲಾ ತಂದ್ಯೇನಯ್ಯಾ?’

‘ಅಂಗಡೀಲಿದ್ದದ್ದೆಲ್ಲಾ ತಂದಿವ್ನಿ ಸಾಮಿ. ಮಾರಿದ್ದನ್ನ ನಾನೆಂಗೆ ವಾಪಸ್ ಕೇಳ್ಲಿ? ತಗಂಡೋರೆಲ್ಲಾ ದೊಡ್ಡೋರು.’

‘ಯಾರ್ಯಾರು ಅಂತ ಹೇಳು.’

‘ಏಳಿದ್ರೆ ನನ್ನ ಅಂಗ್ಡಿ ಉಳಿಯಕ್ಕಿಲ್ಲ. ಬುಡಿ.’

ಅಷ್ಟರಲ್ಲಿ ಗುಂಪು ಎರಡಾಗಿ ಸೀಳಿತು. ಜಟಕಾದಿಂದ ಇಳಿದ ಗುಲ್ಜಾರ್ ಬೀ ನೆಟ್ಟಗೆ ಕಲ್ಲಿನ ಮುಂದೆ ಬಂದು ನಿಂತಳು. ನಡುವಯಸ್ಸಿನ ಹೆಂಗಸು. ಕಿವಿ, ಕೊರಳು, ಕೈ ಎಲ್ಲ ಬರಿದು. ಯಾರೋ ಹಿಂದಿನಿಂದ ಉಗಿದರು.

‘ಯಜಮಾನ್ರೇ, ಈ ಕಂಠ ಬಿಟ್ರೆ ನನ್ಗೆ ಬೇರೆ ಅನ್ನ ಇಲ್ಲ. ಕೋರ್ಟಿನೋರು ಕಳ್ಳಿ ಅಂದ್ರೆ ನಾನೇ ಬಾಯಿ ಮುಚ್ಕೋತೀನಿ. ಅಲ್ಲಿವರ್ಗೆ ತಡ್ಕೊಳ್ಳಿ. ಒಂದ್ಸಲನಾದ್ರೂ ನನ್ನ ಹಾಡು ಕೇಳಿದೀರಾ?’

‘ಕೇಳಿಲ್ಲ. ಕೇಳೋದೂ ಇಲ್ಲ. ಹಾಡು ಬೇಕು ಅಂದ್ರೆ ನಮ್ಮನೇಲಿ ಪೂಜೆ ಪ್ಲೇಟೈತೆ. ಯಾವುದೋ ಮಠದ ಶರಣೆ ಹಾಡಿರೋದು. ಶೀಲ ಇದ್ರೆ ದನಿ ಹೆಂಗಿರ್ತದೆ ಅಂತ ಅದನ್ನ ಕೇಳಿ ತಿಳ್ಕೊಬೇಕು. ಕದ್ದ ಕೈಯೋಳ ಬಾಯಲ್ಲಿ ಶಿವನ ಹೆಸ್ರು ಬಂದ್ರೆ ಅದೂ ಕಳ್ಳಮಾಲೇ.’

ಜನ ಚಪ್ಪಾಳೆ ತಟ್ಟಿದರು. ಗುಲ್ಜಾರ್ ಬೀ ಜಟಕಾದತ್ತ ತಿರುಗಿದಳು. ಅವಳ ಬೆನ್ನ ಹಿಂದೆಯೇ ಉಳಿದ ಪ್ಲೇಟುಗಳು ಬಿದ್ದವು. ಕೂಗಿ ಕೂಗಿ ಮುದ್ದಯ್ಯನ ದನಿ ಹರಿದ ತಮಟೆಯಾಗಿತ್ತು. ಕೊನೆಯ ಪ್ಲೇಟಿಗೆ ಅವನ ಬಾಯಿ ಆಡಿತು, ಸದ್ದು ಹೊರಡಲಿಲ್ಲ.

ಸಂಘದವರೆಲ್ಲ ಶಿವನಂಜಪ್ಪನವರ ಮನೆಗೆ ಬಂದರು. ಪೂಜೆ, ಊಟ, ಆಮೇಲೆ ಉಳಿದ ಊರುಗಳಿಗೆ ಆಳು ಕಳಿಸುವುದು ಎಂದು ಮಾತಾಗಿತ್ತು. ಪಡಸಾಲೆಯಲ್ಲಿ ಕೂತವರಿಗೆ ನೀರಿನ ಲೋಟಗಳು ಬಂದವು. ಮುದ್ದಯ್ಯ ಬಿಸಿನೀರು ಬೇಕೆಂದು ಕೈಸನ್ನೆಯಲ್ಲೇ ಕೇಳಿದ.

ಶಿವನಂಜಪ್ಪ ಮಿಂದು, ಮಡಿಯುಟ್ಟು ಒಳಗೆ ಬಂದಾಗ ಹೆಂಡತಿ ಮಂಗಳಗೌರಿ ಗಂಟೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು.

‘ಇನ್ನೊಂದು ತಿಂಗ್ಳು ಕಾದಿದ್ರೆ ಏನಾಗ್ತಿತ್ತುರೀ? ಆವಮ್ಮನ ಹೊಟ್ಟೆ ಮೇಲೆ ಹೊಡುದ್ರಲ್ಲ.’

‘ಅವಳ ಹೆಸ್ರು ಈ ಮನೇಲಿ ಕೇಳಿಸ್ಕೂಡದು.’

‘ಇಷ್ಟು ವರ್ಷ ಕೇಳ್ಸೈತೇನ್ರೀ?’ ಎಂದಳು ಮಂಗಳಗೌರಿ, ತಲೆಯೆತ್ತದೆ.

ಪೂಜೆಯ ಪ್ಲೇಟಿನ ನಡುವಿನ ಚೀಟಿ ಎಂದೋ ಕಾಣದಾಗಿತ್ತು. ಆಯುಧಪೂಜೆ ಬಂದಾಗಲೆಲ್ಲ ಮಂಗಳಗೌರಿ ಅದರ ಮೇಲೆ ಧಾರಾಳವಾಗಿ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದಳು. ಪ್ಲೇಟಿಗೂ ದೀಕ್ಷೆ ಆಗಿದೆ ಎಂದು ಶಿವನಂಜಪ್ಪ ಬಂದವರಿಗೆ ತೋರಿಸಿ ಹಿಗ್ಗುತ್ತಿದ್ದರು.

ಪೂಜೆಗೆ ಕೂತರೆ ಅವರ ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಆರತಿ. ಗಂಟೆ ಹೆಂಡತಿಯ ಪಾಲು. ಅದರಲ್ಲಿ ಆಕೆಯದು ಒಂದೇ ತಪ್ಪು, ಅವಸರ. ಹಾಡಿನ ಕೊನೆಯ ಸ್ವರ ಇಳಿಯುವ ಮೊದಲೇ ಗಣಗಣ ಶುರು ಮಾಡಿದರೆ, ಪ್ಲೇಟಿನಿಂದ ಮುಳ್ಳೆತ್ತುವವರೆಗೂ ಬಿಡುತ್ತಿರಲಿಲ್ಲ. ‘ಸ್ವಲ್ಪ ತಡ್ಕೊಳ್ಳೇ’ ಎಂದು ಗದರಿ ಗದರಿ ಅವರಿಗೇ ಸಾಕಾಗಿತ್ತು.

ಮಂಗಳಗೌರಿ ಕೀಲಿ ಕೊಟ್ಟು ಮುಳ್ಳಿಳಿಸಿದಳು. ಹಾಡು ಎದ್ದಿತು. ಪಡಸಾಲೆಯ ಪಿಸುಮಾತು ನಿಂತಿತು. ಹಿರಿಯರಾದ ವೀರಭದ್ರಸ್ವಾಮಿ ತಲೆದೂಗಿದರು. ಶಿವನಂಜಪ್ಪನವರ ಮುಚ್ಚಿದ ಕಣ್ಣಂಚಿನಲ್ಲಿ ಎಂದಿನಂತೆ ನೀರು. ಬೆಳಗಿನಿಂದ ಕಿವಿಗೆ ಬಿದ್ದ ಕೊಳೆಯೆಲ್ಲ ತೊಳೆದುಹೋಯಿತು ಎನ್ನಿಸಿತು ಅವರಿಗೆ.

ಹಾಡು ಮುಗಿಯುತ್ತ ಬಂತು. ಇವತ್ತು ಗಂಟೆ ಅವಸರ ಮಾಡಲಿಲ್ಲ. ಕೊನೆಯ ಸ್ವರ ತಾನಾಗಿಯೇ ಇಳಿದು, ತಣ್ಣಗೆ ನಿಂತಿತು. ಕಡೆಗೂ ಇವಳು ಕಲಿತಳು ಎಂದು ಶಿವನಂಜಪ್ಪ ಮನಸ್ಸಿನಲ್ಲೇ ಮೆಚ್ಚಿದರು.

‘ನನ್ನ ಹೆಸರು ಗುಲ್ಜಾರ್ ಬೀ, ಮೈಸೂರು.’

‘ಲೇ ಮುದ್ದಯ್ಯ,’ ಕಣ್ಣು ತೆರೆಯದೆಯೇ ಶಿವನಂಜಪ್ಪ ಗುಡುಗಿದರು. ‘ಲಿಂಗಪೂಜೆ ಹೊತ್ತಲ್ಲೂ ನಿನ್ನ ಅಣಕವೇನ್ಲಾ?’

ಯಾರೂ ನಗಲಿಲ್ಲ. ಅವರು ಕಣ್ಣು ತೆರೆದರು. ಮುದ್ದಯ್ಯ ತನ್ನ ಸತ್ತ ಗಂಟಲನ್ನು ಮುಟ್ಟಿ ತೋರಿಸಿ, ಅದೇ ಬೆರಳನ್ನು ಮೆಲ್ಲಗೆ ಗ್ರಾಮಫೋನಿನ ಕಹಳೆಯ ಕಡೆಗೆ ತಿರುಗಿಸಿದ. ವೀರಭದ್ರಸ್ವಾಮಿ ಕೈಯಲ್ಲಿದ್ದ ನೀರಿನ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು ಮೇಲೆದ್ದರು.

ಮಂಗಳಗೌರಿ ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದಳು.